ಮೂರು ಲೋಟ ನೀರು

ಬಂದರಿನ ಕಡೆಯಿಂದ ಮಂಜು ಮೇಲೇರಿ
ಅಬರ್ಡೀನಿನ ಬೂದುಗಲ್ಲಿನ ಮನೆಗಳು ಅಳಿಸಿಹೋದ ಶುಕ್ರವಾರ.
ನೆಲಮಾಳಿಗೆಯ ನಮಗೆ ಅದೂ ಗೊತ್ತಾಗಲಿಲ್ಲ.
ಇಲ್ಲಿ ಕಿಟಕಿಗಳಿಲ್ಲ. ಎರಡು ಮೀಟರ್ ದಪ್ಪದ ಕಾಂಕ್ರೀಟು,
ಬಾಗಿಲ ಮೇಲೊಂದು ಕೆಂಪು ದೀಪ.
ಅದು ಹತ್ತಿದರೆ ಒಳಗೊಬ್ಬರು ಒಂಟಿ,
ಆರಿದರೆ ನಾವು ಒಳಗೆ ಓಡಬೇಕು.

ಹತ್ತೂ ಇಪ್ಪತ್ತಕ್ಕೆ ಎರಡನೇ ಯಂತ್ರ ನಿಂತಿತು.
ಸದ್ದು ಮಾಡಿ ನಿಂತಿದ್ದರೆ ಬೈಯಬಹುದಿತ್ತು;
ಪರದೆಯ ಮೇಲೆ ಹಳದಿ ಸಾಲೊಂದು ಬರೆದು
ಮಾತು ಬಿಟ್ಟ ನೆಂಟರಂತೆ ಸುಮ್ಮನಾಯಿತು.
ಭೌತವಿಜ್ಞಾನಿ ಟೊರ್ಕಿಲ್ ಅದರ ಪಕ್ಕೆಯ ಮುಚ್ಚಳ ಬಿಚ್ಚಿ
ಒಳಗಿಟ್ಟ ತಲೆಯನ್ನು ಊಟಕ್ಕೂ ಹೊರಗೆ ತೆಗೆಯಲಿಲ್ಲ.
ಅಲ್ಲಿಯ ಇಪ್ಪತ್ತಮೂರು ಹೆಸರು
ನಮ್ಮ ಮೂವತ್ತೆಂಟರ ಬಾಲಕ್ಕೆ ಅಂಟಿದವು.
ಕೂಡಿಸಿ ನೋಡಬೇಡ ಎಂದಳು ಇಷ್‌ಬೆಲ್.
ಕೂಡಿಸಿದೆ.

ಎಂಟು ಜನರ ಜಾಗ. ಇರುವವರು ಐವರು.
ಒಬ್ಬಳು ಬಸುರಿ, ಆಕೆಯನ್ನು ಯೋಜನೆಯ ಕೋಣೆಗೆ ಕಳಿಸಿದೆವು.
ಅಲ್ಲೂ ಸಹಿಗೆ ಕಾದ ನಕ್ಷೆಗಳು ಹನ್ನೊಂದು,
ಸಹಿಯ ವೈದ್ಯರು ಇನ್ನೊಂದು ಊರಿನ ಕ್ಲಿನಿಕ್ಕಿನಲ್ಲಿ.
ಒಬ್ಬ ನಿನ್ನೆಯಷ್ಟೇ ರಾಜೀನಾಮೆ ಕೊಟ್ಟು
ಕೇಕು ತಂದಿದ್ದ. ಕೇಕು ಇನ್ನೂ ಹಾಗೇ ಇದೆ,
ಕೊಯ್ಯಲು ಐದು ನಿಮಿಷ ಬೇಕು.

ಕಾಯುವ ಕೋಣೆಯಲ್ಲಿ ಲೌರಿ.
ಶೆಟ್‌ಲ್ಯಾಂಡಿನ ಮುದುಕ, ಬಲೆ ಹೆಣೆದು ಗಂಟುಬಿದ್ದ ಬೆರಳು.
ಸೋಮವಾರ ಹಡಗಿನಲ್ಲಿ ಬರುತ್ತಾನೆ,
ಶುಕ್ರವಾರ ಏಳರ ಹಡಗಿಗೆ ಹೋಗುತ್ತಾನೆ.
ಅವನಿಗೆ ನಮ್ಮ ಆಜ್ಞೆ ಸರಳ:
ಮುಕ್ಕಾಲು ಗಂಟೆ ಮುಂಚೆ ಮೂರು ಲೋಟ ನೀರು.
ಮೂತ್ರಕೋಶ ತುಂಬಿರಬೇಕು, ಕರುಳು ಸರಿದಿರಬೇಕು,
ಕಿರಣ ಬೀಳುವ ಕಡೆಗೇ ಬೀಳಬೇಕು.
ಎರಡಕ್ಕೆ ಕುಡಿದ. ಎರಡೂ ಮುಕ್ಕಾಲಿಗೆ ನಾನು ಹೋಗಿ
"ಇನ್ನೊಂದು ಸ್ವಲ್ಪ" ಎಂದೆ.
ಮೂರೂಕಾಲಿಗೆ ಹೋದಾಗ ಕಾಲಿಗೆ ಕಾಲು ಹೆಣೆದು
ಗೋಡೆಯ ಮೇಲಿನ ಜಲಪಾತದ ಚಿತ್ರಕ್ಕೆ ಬೆನ್ನು ತಿರುಗಿಸಿದ್ದ.
"ಹೋಗಿ ಬನ್ನಿ, ಮತ್ತೆ ಕುಡಿಯಿರಿ."
ಐದಕ್ಕೆ ಅದೇ ಮಾತು, ಅದೇ ನಾಲಿಗೆ.
"ಮಗೂ, ನಲವತ್ತು ವರ್ಷ ಸಮುದ್ರದ ಮೇಲಿದ್ದೆ,
ಇಷ್ಟು ನೀರು ಕಂಡಿರಲಿಲ್ಲ" ಎಂದ.
ನಗಲು ಹೋದೆ. ತುಟಿ ಬಿರಿಯಿತು.
ಬೆಳಗ್ಗೆ ಏಳರಿಂದ ಒಂದು ಹನಿ ತಾಗಿಲ್ಲವೆಂದು ಆಗ ನೆನಪಾಯಿತು.
ಕುಡಿದರೆ ಹೋಗಬೇಕಲ್ಲ,
ಹೋದರೆ ಇಲ್ಲಿ ಯಾರು ನಿಲ್ಲುತ್ತಾರೆ.

ಆರು ಗಂಟೆ. ಕೊನೆಗೂ ಅವನು ಮೇಜಿನ ಮೇಲೆ.
ಸೊಂಟದ ಸುತ್ತ ಎಳ್ಳುಕಾಳಿನಷ್ಟು ಮೂರು ಹಚ್ಚೆ,
ಹಸಿರು ಗೆರೆಗಳನ್ನು ಅವುಗಳ ಮೇಲೆ ತಂದು ಕೂರಿಸುತ್ತೇವೆ.
ನಿಯಮ: ಒಬ್ಬರು ಓದಬೇಕು, ಒಬ್ಬರು ನೋಡಬೇಕು.
ಇಷ್‌ಬೆಲ್ ಓದಿದಳು: "ಎಡಕ್ಕೆ ಒಂದು ಪಾಯಿಂಟ್ ಎರಡು."
"ಸರಿ" ಎಂದೆ.

ನೋಡಿರಲಿಲ್ಲ.
ಬೆಳಗಿನಿಂದ ನೂರಾರು ಸಲ ಸರಿ ಎಂದ ಬಾಯಿ
ಕಣ್ಣಿಗೆ ಕಾಯುವುದನ್ನು ಬಿಟ್ಟಿತ್ತು.

ಅವಳು ನನ್ನ ಮುಖ ನೋಡಿದಳು. ಮತ್ತೆ ಓದಿದಳು, ನಿಧಾನ,
ಮಗುವಿಗೆ ಮಗ್ಗಿ ಹೇಳಿಕೊಡುವಂತೆ.
ನೋಡಿದೆ. ಒಂದು ಪಾಯಿಂಟ್ ಎರಡೇ. ಸರಿಯೇ ಇತ್ತು.

ತಪ್ಪಿಗೊಂದು ಫಾರಂ ಇದೆ, ಕೂದಲೆಳೆಯಲ್ಲಿ ತಪ್ಪಿದ್ದಕ್ಕೂ ಒಂದಿದೆ.
ಸರಿಯಾಗಿದ್ದ ಸಂಖ್ಯೆಗೆ ನೋಡದೆ ಹೇಳಿದ ಸರಿಯನ್ನು
ಯಾವ ಕಾಲಮ್ಮಿನಲ್ಲಿ ತುಂಬಲಿ?

ಹೊರಬರುವಾಗ ಗೋಡೆಯ ಗುಂಡಿ ಒತ್ತಬೇಕು.
ಒಳಗೆ ಮಲಗಿದವನ ಹೊರತು ಇನ್ಯಾರೂ ಇಲ್ಲವೆಂದು
ಯಂತ್ರಕ್ಕೆ ಕೊಡುವ ಭಾಷೆ ಅದು.
ಎರಡು ಸಲ ತಿರುಗಿ ನೋಡಿ ಒತ್ತಿದೆ.

ಲೌರಿ ಮೊದಲು ಶೌಚಕ್ಕೆ ಓಡಿದ, ಆಮೇಲೆ ಟ್ಯಾಕ್ಸಿಗೆ.
ಮಂಜಿನಲ್ಲಿ ಹಡಗು ಅವನನ್ನು ಹತ್ತಿಸಿಕೊಂಡಿತೋ ಇಲ್ಲವೋ,
ಕಾಂಕ್ರೀಟಿನೊಳಗೆ ಅದರ ಕೂಗು ಕೇಳುವುದಿಲ್ಲ.
ಪಟ್ಟಿಯಲ್ಲಿ ಇನ್ನೂ ಆರು ಹೆಸರು.

ಅವನು ಬಿಟ್ಟುಹೋದ ಜಗ್ಗಿನಲ್ಲಿ ಅರ್ಧ ನೀರಿತ್ತು.
ನಿಂತೇ ಕುಡಿದೆ, ಒಂದು ಲೋಟ.
"ನೀನಿಲ್ಲದೆ ಹೇಗೂ ಶುರು ಮಾಡಲಾರೆ,
ಇನ್ನೊಂದು ಕುಡಿ" ಎಂದಳು ಇಷ್‌ಬೆಲ್.
ಕುಡಿದೆ.
ಮುಂದಿನ ಹೆಸರು ಕರೆಯುವ ಮುನ್ನ
ಮೂರನೆಯದನ್ನೂ.