ಕೊನೆಯ ಹದಿನಾರು ಪುಟ

ಫಹಾಹೀಲಿನ ನಮ್ಮ ಲಾಂಡ್ರಿಯಲ್ಲಿ,
ಕೌಂಟರಿನ ಕೆಳಗೆ, ಗಂಜಿಡಬ್ಬದ ಪಕ್ಕ,
ಒಂದು ಕಾದಂಬರಿ ಇದೆ.
ಯಾರದೋ ಸೂಟ್‌ಕೇಸಿನಲ್ಲಿ ಮಂಗಳೂರಿಂದ ಬಂದದ್ದು.
ರಟ್ಟಿಲ್ಲ. ಕೊನೆಯ ಹದಿನಾರು ಪುಟಗಳೂ ಇಲ್ಲ.
ಆದರೂ ಎರಡು ಬೇಸಿಗೆಯಿಂದ ಕೈಯಿಂದ ಕೈಗೆ ಹೋಗಿ
ಒಗೆಯುವ ಅಂಗಿಗಳ ಜೊತೆ ತಿರುಗಿ ಬರುತ್ತದೆ.

ಕತೆ ಇಷ್ಟು:
ಅಗಸರ ಹುಡುಗ ಕಟಕಟೆಯಲ್ಲಿ.
ವಕೀಲರ ಮಗಳು ಬಾವಿಯಲ್ಲಿ.
ಅವಳ ನೀಲಿ ಸೀರೆ ಅವನ ಮನೆಯಲ್ಲಿ ಸಿಕ್ಕಿತು.
ಇಬ್ಬರ ನಡುವೆ ಏನೋ ಇತ್ತೆಂದು ಊರಿಗೆ ಗುಮಾನಿ.
ನ್ಯಾಯಾಧೀಶರು ಕನ್ನಡಕ ಒರೆಸಿ ಬಾಯಿ ತೆರೆಯುವಾಗ
ಪುಸ್ತಕ ಮುಗಿಯುತ್ತದೆ,
ಹೊಲಿಗೆಯ ದಾರ ನೇತಾಡುತ್ತದೆ.

ಹಾಗಾಗಿ ತೀರ್ಪು ಗಿರಾಕಿಗಳದ್ದೇ.

ಅಹ್ಮದಿಯ ರಿಫೈನರಿಯಲ್ಲಿ ಕ್ರೇನ್ ಏರುವ ಕೋಟ್ಯಾನ್
ಎಣ್ಣೆಗಟ್ಟಿದ ಬಾಯ್ಲರ್ ಸೂಟು ಎಸೆದು ಹೇಳಿದ:
"ಅಪ್ಪನೇ ಕೊಂದದ್ದು ಮಾರಾಯ.
ಮಗಳು ಸತ್ತ ಮೂರನೇ ದಿನ
ಎರಡು ಸಲ ಮೊಸರು ಹಾಕಿಸಿಕೊಳ್ಳುತ್ತಾನೆ,
ಎಪ್ಪತ್ತನೇ ಪುಟ ನೋಡು."

ನೈಟ್ ಡ್ಯೂಟಿ ಮುಗಿಸಿ ಬಂದ ಜುಲಿಯಾನಾ ಬಾಯಿಗೆ ಸಿಟ್ಟು.
"ಪ್ರೀತಿ ಎಲ್ಲಿದೆ ಇದರಲ್ಲಿ?
ಇಡೀ ಪುಸ್ತಕದಲ್ಲಿ ಅವರಿಬ್ಬರು ಒಂದು ಮಾತಾಡಿಲ್ಲ.
ಬರೆದವನಿಗೇ ಹೆದರಿಕೆ."

ಟ್ಯಾಂಕರಿನ ಮೊಯ್ದಿನಬ್ಬನಿಗೆ ಓದು ಬಾರದು,
ರೂಮಿನವರು ಓದಿ ಹೇಳಿದ್ದು.
ಊರಲ್ಲೊಮ್ಮೆ ಹೆಸರು ತಪ್ಪಾಗಿ
ಹನ್ನೊಂದು ದಿನ ಠಾಣೆಯ ನೆಲದಲ್ಲಿ ಮಲಗಿದ್ದವನು.
"ನೀನಲ್ಲ ಅಂತ ತೋರಿಸು ಅನ್ನುತ್ತಾರೆ ಹುಡುಗನಿಗೆ,"
ಅಂದ, ಚಿಲ್ಲರೆ ಎಣಿಸುತ್ತ.
"ಇಲ್ಲದ್ದನ್ನು ಎಲ್ಲಿಂದ ತಂದು ತೋರಿಸುವುದು?"

ಉಪಾಧ್ಯರದು ಬಿಳಿ ಅಂಗಿ, ಗಂಜಿ ಹೆಚ್ಚು.
"ಭಾಷೆ ಸೊಗಸಾಗಿದೆ. ಜಾತಿ ತರಬಾರದಿತ್ತು.
ಹುಡುಗ ಮಾಡಿರಲೂಬಹುದು, ಹೇಳಲಾಗದು.
ಅಂಥ ಮನೆಗಳಲ್ಲಿ..."
ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು.
"ನಿಮ್ಮದು ಎಲ್ಲಿ?"
"ಬ್ರಹ್ಮಾವರ, ಸರ್."
"ಅದಲ್ಲ, ನಿಮ್ಮದು..."
ಪ್ರೆಸ್ಸಿನ ಪೆಡಲು ತುಳಿದೆ.
ಹಬೆ ಎದ್ದಿತು, ಪ್ರಶ್ನೆ ಕಾಣಿಸಲಿಲ್ಲ.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಇವತ್ತು ಧೂಳುಗಾಳಿ, ಗಿರಾಕಿ ಇಲ್ಲ.
ಶಟರು ಅರ್ಧ ಇಳಿಸಿ ಮತ್ತೆ ಓದಿದೆ, ನೂರ ಹನ್ನೆರಡನೇ ಪುಟ:
"ಈ ಸೀರೆ ಅಗಸನ ಮನೆಗೆ ಬಂದದ್ದು ಹೇಗೆ?"
ಗುಡುಗುತ್ತಾನೆ ಸರ್ಕಾರಿ ವಕೀಲ, ಮೂರು ಪುಟದುದ್ದ.
ಓದಿದ ಒಬ್ಬರೂ ನಗಲಿಲ್ಲವಲ್ಲ!
ಅಗಸನ ಮನೆಗಲ್ಲದೆ
ಕೊಳೆಯಾದ ಸೀರೆ ಮತ್ತೆಲ್ಲಿಗೆ ಹೋಗಬೇಕು?

ಸೆರಗಿನಂಚಲ್ಲಿ ಎರಡು ಕಪ್ಪು ಚುಕ್ಕಿ
ಎಂದು ಬರೆದು ಲೇಖಕ ಮುಂದೆ ಹೋಗುತ್ತಾನೆ.
ಅವನಿಗೂ ಗೊತ್ತಿರಲಿಕ್ಕಿಲ್ಲ.
ಅದು ಗೇರುಕಾಯಿಯ ಗುರುತು.
ಅಮ್ಮ ಸೂಜಿಮೊನೆಯಲ್ಲಿ ಇಡುತ್ತಿದ್ದಳು:
ಶಾನುಭೋಗರಿಗೆ ಒಂದು ಗೀಟು,
ಡಾಕ್ಟರ ಮನೆಗೆ ಮೂರು ಚುಕ್ಕಿ,
ಮಾಸ್ತರರಿಗೆ ಕಾಗೆಯ ಕಾಲು.
ಬಟ್ಟೆ ಹರಿದರೂ ಅದು ಹೋಗುವುದಿಲ್ಲ,
ಅಮ್ಮನ ಹೆಬ್ಬೆರಳ ಸುಟ್ಟ ಕಲೆಯೂ ಹೋಗಲಿಲ್ಲ.
ಅಂದರೆ ಸೀರೆ ಕದ್ದದ್ದಲ್ಲ.
ವಕೀಲರ ಮನೆಯವರೇ ಎಣಿಸಿ ಗಂಟಿಗೆ ಹಾಕಿದ್ದು.

ಇನ್ನು ಪ್ರೀತಿ, ಜುಲಿಯಾನಾ ಬಾಯಿ,
ಅದು ಐವತ್ತಮೂರನೇ ಪುಟದಲ್ಲಿದೆ, ಒಂದೇ ಸಾಲು:
ಬೇರೆಯವರ ಸೀರೆಗೆಲ್ಲ ಆರು ಮಡಿಕೆ,
ಅವಳದಕ್ಕೆ ಮಾತ್ರ ಏಳು.
ಬಿಚ್ಚುವಾಗ ಅವಳ ಕೈ
ಒಂದು ಗಳಿಗೆ ಹೆಚ್ಚು ಅಲ್ಲಿರಲಿ ಎಂದು.
ಮಡಚುವವನು ಬೇರೆ ಯಾವ ಕಾಗದ ಬರೆದಾನು?

ಇದನ್ನೆಲ್ಲ ಹೇಳಬಹುದು.
ಹೇಳಿದರೆ, ನಿಮಗೆ ಹೇಗೆ ಗೊತ್ತು ಅನ್ನುತ್ತಾರೆ.
ಹಬೆ ಎಷ್ಟು ಸಲ ಬಿಡುವುದು?

ಕಾಲರಿಗೆ ನಂಬರು ಬರೆಯುವ ಪೆನ್ನು ತೆಗೆದು
ಆ ಪುಟದ ಅಂಚಿಗೆ
ಎರಡು ಚುಕ್ಕಿ ಇಟ್ಟೆ.
ಶಾಯಿ ಸೋರಿದೆ ಅಂದುಕೊಂಡಾರು, ಅಂದುಕೊಳ್ಳಲಿ.

ನಾಳೆ ಬೆಳಿಗ್ಗೆ ಏಳಕ್ಕೆ
ಉಪಾಧ್ಯರ ಐದು ಅಂಗಿ ಕೊಡಬೇಕು.
ಗಂಜಿ ಕಲಸಿದೆ.