ಉಪ್ಪು ಒಂದು ಹರಳು ಕಮ್ಮಿ

ಬಂದರಿನ ನನ್ನ ಹೋಟೆಲಿಗೆ ಬೋರ್ಡಿಲ್ಲ.
ಆರು ಬೆಂಚು, ಕೈ ತೊಳೆಯಲಿಕ್ಕೊಂದು ಡ್ರಮ್ಮು,
ಪುಳಿಮುಂಚಿಯ ಹೊಗೆ ಹಿಡಿದ ಗೋಡೆ.
ಮೂಲೆಯ ಬೆಂಚು ಸಿಪ್ರಿಯನ್ ಪೊರ್ಬುಗಳದ್ದು.

ಬೋಳೂರಿನ ಹೊಳೆಬದಿ, ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ
ಅದೇ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಕಂಪೆನಿ ನಡೆಸಿದವರು.
ಎಂತ ಮಾಡುವುದು ಅಲ್ಲಿ, ಕೇಳಿದ್ದೆ ಒಮ್ಮೆ.
"ಉಗ್ರಾಣ, ಸುಮಿತ್ರಕ್ಕಾ. ಬ್ಯಾಂಕಿನವರ, ಆಸ್ಪತ್ರೆಯವರ, ಹಡಗಿನವರ
ಲೆಕ್ಕವೆಲ್ಲ ತಂದು ಜೋಡಿಸಿ ಇಡುವುದು.
ಹಂಚಿನ ಹಾಗೆಯೇ. ಒಂದೊಂದರ ಬೆನ್ನಿಗೂ ಇಸವಿ ಒತ್ತಿರಬೇಕು,
ಹುಡುಕಿದಾಗ ಸಿಗಬೇಕು."
ಮುಟ್ಟಲಿಕ್ಕೆ ಸಿಗುತ್ತದಾ ಎಂದೆ.
ಇಲ್ಲ ಎಂದು ನಕ್ಕು ಇನ್ನೊಂದು ಬಂಗುಡೆ ಹೇಳಿದರು.

ಕಂಪೆನಿ ಮಾರಿ ಭಾನುವಾರದ ಪೇಪರಿಗೆ ಬರೆಯತೊಡಗಿದರು:
ಎಲ್ಲಿ ಕಾಣೆಗೆ ಐಸಿನ ವಾಸನೆ,
ಯಾರ ನೀರುದೋಸೆ ನಿನ್ನೆಯದು.
ಒಬ್ಬ ಬಾರಿನ ಯಜಮಾನ ಹೊಡೆಯಲಿಕ್ಕೇ ಬಂದಿದ್ದ.
ಹಳೆಯ ಚಟ ಹೋಗಲಿಲ್ಲ. ಊಟ ಮುಗಿದದ್ದೇ
ಎಡಗೈಯಲ್ಲಿ ಫೋನು ಹಿಡಿದು
ತಾರೀಕು, ಹೋಟೆಲು, ಮೀನು, ಹುಳಿ, ಖಾರ, ಉಪ್ಪು,
ಹತ್ತಕ್ಕೆ ಇಷ್ಟು ಎಂದು.
ಬಲಗೈ ಹಾಗೇ ಒಣಗುತ್ತಿತ್ತು.

ಆಟಿಯಲ್ಲಿ ನನ್ನ ಬಗ್ಗೆ ಬಂತು.
"ಸುಮಿತ್ರಕ್ಕನ ಕೈ ಸೋತಿದೆ. ಉಪ್ಪು ಒಂದು ಹರಳು ಕಮ್ಮಿ."
ಒಂದು ಹರಳಂತೆ!
ಅತ್ತೆ ಕೊಟ್ಟ ಗೆರಟೆ ಅದು, ಮೂವತ್ತು ವರ್ಷದ ಅಳತೆ.
ದೋಣಿಯವರೆಲ್ಲ ಪೇಪರು ಓದಿ ನಾಲಿಗೆ ಚಪ್ಪರಿಸಿ ನೋಡಿದರು,
ಕೆಲವರು ಹೌದೆಂದರು ಕೂಡ.
ಮರುವಾರ ಕಂಕನಾಡಿಯ ಹೋಟೆಲಿಗೂ ಅದೇ ಮಾತು.
ಅದರ ಮರುವಾರ ಉಳ್ಳಾಲ.

ಸೋಣದಲ್ಲೊಂದು ಮಧ್ಯಾಹ್ನ, ಒಲೆ ಆರಿಸುವ ಹೊತ್ತಿಗೆ ಬಂದರು.
ಕೂರಲಿಲ್ಲ. ಫೋನು ನನ್ನೆದುರು ಹಿಡಿದರು.
ರಾಶಿ ಗೆರೆಗಳು, ಎಲ್ಲವೂ ಒಂದೇ ವಾರದಿಂದ ಇಳಿಜಾರು.
"ನಲವತ್ತೊಂದು ಅಡುಗೆಮನೆ, ಸುಮಿತ್ರಕ್ಕಾ.
ಎಲ್ಲರೂ ಮಾತಾಡಿಕೊಂಡು ಉಪ್ಪು ಕಮ್ಮಿ ಮಾಡುವುದುಂಟಾ?
ಇಷ್ಟೂ ಕಡೆ ಹೋಗಿ ಬಂದದ್ದು ಒಂದೇ"
ಎಂದು ನಾಲಿಗೆ ಹೊರಹಾಕಿದರು,
ಡಾಕ್ಟರಿಗೆ ತೋರಿಸುವ ಮಗುವಿನ ಹಾಗೆ.

ಆರು ವಾರದ ಸಿಟ್ಟು ಬಾಯಲ್ಲೇ ಇತ್ತು. ನುಂಗಿದೆ.
ಗಂಜಿ ಉಂಟು, ಕೂತುಕೊಳ್ಳಿ ಎಂದೆ.
ಬಡಿಸಿ, ಉಪ್ಪಿನ ಗೆರಟೆಯನ್ನೂ ಎದುರಿಗಿಟ್ಟೆ.
ಅವರು ಹಾಕಿಕೊಳ್ಳಲಿಲ್ಲ.
"ಎಷ್ಟಿದೆ ಇದರಲ್ಲಿ, ನೀವೇ ಹೇಳಿ" ಎಂದು ಮತ್ತೆ ಫೋನು ತೆಗೆದರು.
ಸರಿಯಾಗಿ ಉಂಟು ಎಂದೆ.
"ಹತ್ತಕ್ಕೆ?"
ಪೊರ್ಬುಗಳೇ, ಗಂಜಿ ತಣಿಯುತ್ತದೆ.