ಬೇರಿಗೆ ಬೀಗ

ಬೆಂಡಿಗೋ ಆಸ್ಪತ್ರೆಯ ಔಷಧ ಕೋಣೆಯಲ್ಲಿ
ಮಾರ್ಫಿನ್ ಕಪಾಟಿಗೆ ಎರಡು ಸಹಿ.
ಒಂದು ನನ್ನದು, ಇನ್ನೊಂದು ಮೊಯಿರಾ ಟ್ರೆಗೆಂಜಾಳದು.
ಇಪ್ಪತ್ತೆರಡು ವರ್ಷದ ನಂಬಿಕೆ ಇದೆ.
ಆದರೂ ಎಣಿಸುತ್ತೇವೆ, ಬಾಯಿಬಿಟ್ಟು, ಒಂದೊಂದೇ ಗಾಜಿನ ಕೊಳವೆ.

ಮನೆಯಲ್ಲಿ ಮಾತ್ರ ನಾನು ದೊರೆಸಾನಿ.
ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ದಿನದಿಂದ
ರೂಟ್ ಆಗಿಯೇ ಒಳಹೊಕ್ಕೆ, ರೂಟ್ ಆಗಿಯೇ
ಪದಬಂಧ ಬಿಡಿಸಿದೆ, ಗ್ಯಾಸಿನ ಬಿಲ್ಲು ಕಟ್ಟಿದೆ.
ಯಾವ ಬಾಗಿಲೂ ಯಾರು ಅನ್ನಲಿಲ್ಲ.
ಪಾಸ್‌ವರ್ಡು? ಅದೇ, ಬೆಕ್ಕಿನ ಹೆಸರು.

ಜುಲೈ. ಹೊರಗೆ ಕಾರಿನ ಗಾಜಿಗೆ ಹಿಮದ ಪೊರೆ.
ಕಸ ಗುಡಿಸುವ ಎರಡಕ್ಷರದ ಆಜ್ಞೆ,
ನಡುವೆ ಬೆರಳು ಜಾರಿ ಬಿದ್ದ ಖಾಲಿ ಜಾಗ,
ಸಾಸಿವೆಯಷ್ಟೂ ಇಲ್ಲ.
ಯಂತ್ರ ಏನೂ ಕೇಳಲಿಲ್ಲ.
ಬೇರೇ ಹೇಳಿದ ಮೇಲೆ ಎಲೆ ಮರುಮಾತಾಡುತ್ತದೆಯೇ?
ಐರನ್‌ಬಾರ್ಕ್ ಕಾಡಿನಲ್ಲಿ ಮೂರು ಚಳಿಗಾಲ
ಮೊಣಕಾಲೂರಿ ಹಿಡಿದ ಹಕ್ಕಿದನಿಗಳು,
ಕರವಾಂಗ್, ಗೂಬೆ, ಹೆಸರು ಸಿಗದ ಆ ಒಂದು ಸಿಳ್ಳೆ,
ಚಹಾ ಕಲಕಿ ಬರುವಷ್ಟರಲ್ಲಿ
ಇಲ್ಲ.

ಮೊಯಿರಾಗೆ ಹೇಳಿದೆ. ನಗಲಿಲ್ಲ.
"ಆ ಶುಕ್ರವಾರ ನೆನಪಿದೆಯಾ?" ಅಂದಳಷ್ಟೇ.
ಕಪಾಟಿನ ಬೀಗದ ಕೈ ಕೋಟಿನ ಜೇಬಲ್ಲೇ ಉಳಿದು
ಈಗಲ್‌ಹಾಕ್‌ವರೆಗೂ ನನ್ನ ಜೊತೆ ಬಂದದ್ದು,
ರಾತ್ರಿ ಎರಡಕ್ಕೆ ಚಪ್ಪಲಿ ಅದಲುಬದಲಾಗಿ
ನಾನು ಕಾರು ಓಡಿಸಿದ್ದು, ಆರನೇ ಹಾಸಿಗೆಯ ಮುದುಕ
ಹಲ್ಲು ಕಚ್ಚಿ ಕಾದದ್ದು.
ನಮ್ಮಲ್ಲಿ ಅದನ್ನು ಬೀಗದ ಕೈ ಅನ್ನುತ್ತೇವೆ, ಎಂದೆ.
"ಬೀಗಕ್ಕೂ ಕೈಯೇ?"
ಅವಳು ತನ್ನ ಅಂಗೈ ನೋಡಿಕೊಂಡಳು.

ಈಗ ಬೇರಿಗೆ ಬೀಗ.
ಒಳಹೋಗುವುದು ಸಾದಾ ಹೆಸರಿನಲ್ಲಿ. ಸಂಪಿ,
ತನ್ನ ಕೋಣೆಯಾಚೆ ಕಡ್ಡಿಯನ್ನೂ ಅಲುಗಿಸಲಾರದವಳು.
ದೊಡ್ಡ ಕೆಲಸವಿದ್ದರೆ ಮೊದಲು ಸುಡೂ ಎಂದು ಬರೆಯಬೇಕು.
ಸುಡು ಎಂದೇ ಕೇಳುತ್ತದೆ ನನಗೆ, ಪ್ರತಿ ಸಲ
ಬೆರಳು ತುಸು ಹಿಂಜರಿಯುತ್ತದೆ
ಒಲೆಯ ಮೇಲಿನ ಪಾತ್ರೆಗೆ ಮಸಿಬಟ್ಟೆ ಹುಡುಕುವ ಹಾಗೆ.
ಪಾಸ್‌ವರ್ಡು ಕೇಳುತ್ತದೆ. ಉದ್ದನೆಯದು,
ಬೆಕ್ಕಿಗೆ ಸಂಬಂಧವಿಲ್ಲದ್ದು.
ಕೊಟ್ಟರೆ ಕೆಲವು ನಿಮಿಷ ಒಡತಿ, ಆಮೇಲೆ ಮತ್ತೆ ಸಂಪಿ.
ಯಾರು, ಎಷ್ಟು ಗಂಟೆಗೆ, ಏನು ಮಾಡಿದರು
ಒಳಗೆಲ್ಲೋ ಬರೆದುಕೊಳ್ಳುತ್ತದೆ ಯಂತ್ರ,
ನಮ್ಮ ಕಪಾಟಿನ ಪುಸ್ತಕದಂತೆಯೇ.

ಹೋದ ಹಕ್ಕಿಗಳು ಹೋದವು.
ಶನಿವಾರ ಕಾಡಿಗೆ ಹೋದೆ. ಆ ಸಿಳ್ಳೆ
ಗುಂಡಿ ಒತ್ತುವ ಮೊದಲೇ ನಿಂತಿತು.
ಸಿಕ್ಕಿದ್ದು ಬರೀ ಗಾಳಿ, ಒಂದೆರಡು ಕರವಾಂಗ್.
ಅದರದೇ ಒಂದು ಪ್ರತಿ ಮೊಯಿರಾಳ ಮೇಜಿನ ಖಾನೆಗೆ.
ಸಹಿ ಹಾಕಿಯೇ ತೆಗೆದುಕೊಂಡಳು.